ರಂಗಂಪೇಟೆಗೆ ಹೋಗಿಬಂದ ಹಿಂಡಿ ಡಬ್ಬಿ

ಪ್ರವಾಸವೆಂದರೆ ಕಾಶಿಯೋ ಕಾಶ್ಮೀರವೋ ಆಗಿರಬೇಕು ಎನ್ನುವವರು ನಾನು ಹೋದ ದೂರ ಕೇಳಿದರೆ ನಕ್ಕಾರು. ಯಾದಗಿರಿಯಿಂದ ಶಹಾಪುರ, ಶಹಾಪುರದಿಂದ ಸುರಪುರ, ಅಲ್ಲಿಂದ ಆಟೋದಲ್ಲಿ ರಂಗಂಪೇಟೆ, ಸಂಜೆಗೆ ವಾಪಸು. ಒಂದು ಹಗಲಿನ ದಾರಿ. ಆದರೆ ಆ ದಾರಿಗೆ ಕಾಲಿಡಲು ನನಗೆ ಹತ್ತು ವರ್ಷಕ್ಕಿಂತ ಹೆಚ್ಚು ಹಿಡಿಯಿತು. ಅಷ್ಟು ಸಿಟ್ಟಿತ್ತು.

ಏಪ್ರಿಲ್ ತಿಂಗಳ ಭಾನುವಾರ. ಬೆಳಗಿನ ಎಂಟಕ್ಕೇ ಯಾದಗಿರಿ ಬಸ್‌ಸ್ಟ್ಯಾಂಡಿನ ತಗಡು ಕಾಯತೊಡಗಿತ್ತು. ಕಡೇಚೂರಿನ ಕಾರ್ಖಾನೆಗಳಿಗೆ ಹೋಗುವ ಕೂಲಿಯವರು ಒಂದು ಕಡೆ, ಶಹಾಪುರದ ಸಂತೆಗೋ ಮದುವೆಗೋ ಹೊರಟವರು ಇನ್ನೊಂದು ಕಡೆ. ಈಗ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟಿಲ್ಲ, ಗಂಡಸರಿಗೆ ಸೀಟಿಲ್ಲ. ನಾನು ಟಿಕೆಟ್ಟು ತೆಗೆಸಿ ಕಂಬ ಹಿಡಿದು ನಿಂತೆ. ಭೀಮಾ ನದಿಯ ಸೇತುವೆ ದಾಟುವಾಗ ಕೆಳಗೆ ನೀರಿಗಿಂತ ಬಂಡೆಯೇ ಹೆಚ್ಚು ಕಂಡಿತು. ಪಕ್ಕದಲ್ಲಿ ಕೂತಿದ್ದ ಮುದುಕಿಯೊಬ್ಬಳು ಕಿಟಕಿಯಿಂದ ಒಂದು ನಾಣ್ಯ ಎಸೆದು ಕೈಮುಗಿದಳು.

ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುವ ಮೇಷ್ಟ್ರು. ಹೆಸರು ಮರೆಪ್ಪ. ಹುಟ್ಟೂರು ಈ ದಾರಿಯಲ್ಲೇ ಸಿಗುವ ದೋರನಹಳ್ಳಿ. ಅವ್ವ ಇರುವುದು ಅಲ್ಲೇ, ನನ್ನ ತಮ್ಮನ ಸಂಸಾರದ ಜೊತೆ. ಮೊದಲು ಅಲ್ಲಿಳಿದು ಅವಳ ಕೈಯಿಂದ ಒಂದು ಡಬ್ಬಿ ಇಸಿದುಕೊಳ್ಳಬೇಕಿತ್ತು.

ಡಬ್ಬಿಯ ಕಥೆ ಹೇಳದೆ ಮುಂದಿನ ಬಸ್ಸು ಹತ್ತಿದರೆ ನಿಮಗೆ ಏನೂ ತಿಳಿಯುವುದಿಲ್ಲ.

ನಾನು ಸಣ್ಣವನಿದ್ದಾಗ ನಮ್ಮೂರಿಗೆ ಒಬ್ಬ ಲೈನ್‌ಮ್ಯಾನ್ ವರ್ಗವಾಗಿ ಬಂದಿದ್ದರು. ರಂಗಂಪೇಟೆಯವರು, ನಾಯಕ ಜಾತಿ. ಅವರ ಮಗ ಹಣಮಂತ ನನ್ನ ಬೆಂಚಿನಲ್ಲೇ ಕೂರುತ್ತಿದ್ದ. ನಾವು ಬೌದ್ಧರು, ಬುದ್ಧನ ಪಟ ಗೋಡೆಗೆ ಬಂದದ್ದು ಅಪ್ಪನ ಕಾಲದಲ್ಲಿ, ಆದರೆ ಊರಿನವರು ಪಟ ನೋಡಿ ನಮ್ಮ ಮನೆಯ ನೀರು ಕುಡಿಯಲು ಶುರು ಮಾಡಲಿಲ್ಲ. ಹಣಮಂತ ಮಾತ್ರ ಶಾಲೆ ಬಿಟ್ಟ ಕೂಡಲೇ ನಮ್ಮ ಮನೆಗೆ ನುಗ್ಗಿ, ತಂಬಿಗೆ ಎತ್ತಿ ಗಟಗಟ ಕುಡಿದು, ಅವ್ವನ ರೊಟ್ಟಿಗೆ ಕೈ ಹಾಕುತ್ತಿದ್ದ. ಅವ್ವ ಅವನಿಗೆಂದು ಒಂದು ಡಬ್ಬಿಯಲ್ಲಿ ಶೇಂಗಾ ಹಿಂಡಿ, ಅಂದರೆ ಖಾರದ ಚಟ್ನಿಪುಡಿ, ತುಂಬಿ ಕೊಡುತ್ತಿದ್ದಳು. ಮೊದಲ ಸಲ ಅವನು ಡಬ್ಬಿಯನ್ನು ಖಾಲಿ ತಂದಾಗ ಅವನ ಕಿವಿ ಹಿಂಡಿದಳು. "ಕೊಟ್ಟ ಮನಿಗಿ ಡಬ್ಬಿ ಖಾಲಿ ತರಬಾರದು ಮಗಾ. ಏನರ ಹಾಕಬೇಕು. ಏನೂ ಇಲ್ಲಂದ್ರ ನೀರರ ಹಾಕಬೇಕು." ಆಮೇಲೆ ಡಬ್ಬಿ ಯಾವತ್ತೂ ಖಾಲಿ ಬರಲಿಲ್ಲ. ಬಾರಿಹಣ್ಣು, ಹುಣಸೆಕಾಯಿ, ಒಮ್ಮೆ ಅವನ ಮನೆಯ ದೇವರ ಮುಂದಿನ ಬೆಲ್ಲ.

ಅವನು ದೊಡ್ಡವನಾಗಿ ಕೇಂದ್ರದ ಪೊಲೀಸ್ ಪಡೆ ಸೇರಿದ. ಅಲ್ಲಿಂದ ಹೈಟಿ ಎಂಬ ದೇಶಕ್ಕೆ, ಹಲವು ದೇಶಗಳ ನೀಲಿ ಟೊಪ್ಪಿಗೆಯ ಶಾಂತಿಪಡೆಯ ಜೊತೆ, ಹೋದ. ಹೋಗುವ ಮೊದಲು ನಮ್ಮ ಮನೆಗೆ ಬಂದು, "ಅದು ಎಂಥಾ ದೇಶ್ಲೇ ಮರ್ಯಾ?" ಎಂದು ಕೇಳಿದ್ದ. ನಾನು ಪಾಠ ಮಾಡಿದೆ. ಅದು ಕೆರಿಬಿಯನ್ ಸಮುದ್ರದ ನಡುವಿನ ನಾಡು. ಗುಲಾಮರಾಗಿ ಬಂದ ಕರಿಯರೇ ಎದ್ದು ಒಡೆಯರ ಸೈನ್ಯವನ್ನು ಬಡಿದೋಡಿಸಿ ಕಟ್ಟಿಕೊಂಡ ದೇಶ. ಆ ಧೈರ್ಯವನ್ನು ಜಗತ್ತು ಇಂದಿಗೂ ಕ್ಷಮಿಸಿಲ್ಲ. ಹಿಂದೊಮ್ಮೆ ಅಮೆರಿಕದ ದಂಡು ಬಂದು ಹತ್ತೊಂಬತ್ತು ವರ್ಷ ಕೂತು, ಜನರನ್ನು ರಸ್ತೆ ಕಟ್ಟಲು ಬಿಟ್ಟಿ ದುಡಿಸಿ ಹೋಯಿತು ಎಂದೆಲ್ಲ ಹೇಳಿದೆ. "ನಮ್ಮಂಥೋರ ದೇಶ ಅದು. ನೀನು ಅಲ್ಲಿ ಬಂದೂಕು ಹಿಡ್ಕೊಂಡು ನಿಲ್ಲಾಕ ಹೊಂಟಿ," ಎಂದು ಚುಚ್ಚಿದೆ. ಅವನು ನಕ್ಕ.

ತಿರುಗಿ ಬಂದವನು ನಮ್ಮ ಮನೆಗೆ ಒಮ್ಮೆ ಮಾತ್ರ ಬಂದ. ಅವ್ವ ಓಡಿಬಂದು ತಂಬಿಗೆ ತುಂಬಾ ನೀರು ಹಿಡಿದಳು. ಅವನು ತಂಬಿಗೆಯನ್ನೇ ನೋಡಿದ. "ಬ್ಯಾಡ ಯವ್ವ," ಎಂದು ಕೈಮುಗಿದು ಎದ್ದು ಹೋದ. ಮತ್ತೆ ಬರಲಿಲ್ಲ. ಫೋನ್ ಮಾಡಿದರೆ ಎತ್ತಲಿಲ್ಲ.

ನಮ್ಮ ಓಣಿಯಲ್ಲಿ ಇದರ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ವಿಮಾನ ಹತ್ತಿ ಬಂದ, ಪದಕ ಬಂತು, ಜಾತಿ ನೆನಪಾಯಿತು. ನಾನು ಹಾಗೆಂದೇ ಬೈದೆ. ಅವ್ವ ಬೈಯಲಿಲ್ಲ. ಅದೇ ನನಗೆ ಇನ್ನಷ್ಟು ಹೊಟ್ಟೆ ಉರಿಸಿತು.

ಈಗ ಅವಳ ಕಣ್ಣು ಮಂಜು. ಚಳಿಗಾಲದಲ್ಲಿ ಒಂದು ಸಲ ಹಾಸಿಗೆ ಹಿಡಿದು ಎದ್ದ ಮೇಲೆ ಒಂದೇ ಜಪ: ಹಣಮ್ಯಾ ಯಾಕೆ ನೀರು ಕುಡಿಯಲಿಲ್ಲ? ಆ ಭಾನುವಾರ ನಾನು ಮನೆಗೆ ಹೋಗುವಷ್ಟರಲ್ಲಿ ಡಬ್ಬಿ ಸಿದ್ಧವಿತ್ತು. ಅದೇ ಹಳೆಯ ಸ್ಟೀಲ್ ಡಬ್ಬಿ, ಮುಚ್ಚಳದ ಒಂದು ಕಡೆ ನೆಗ್ಗಿದ್ದು. ಒಳಗೆ ಹಿಂಡಿ.

"ಏನಂತ ಕೇಳ್ಲಿ?" ಎಂದೆ.

"ಏನೂ ಕೇಳಬ್ಯಾಡ. ಬಾಯಿಲೆ ಏನರ ಹೇಳ್ತಾನ ಅವ. ಡಬ್ಬಿ ತಿರುಗಿ ಹ್ಯಾಂಗ ಬರ್ತದ ನೋಡ್ತೀನಿ. ಒಂದು ಚಿಟಿಕಿ ಸಕ್ಕರಿ ಹಾಕಿ ಕಳಿಸಿದ್ರೂ ನನಗ ಸಾಕು. ಖಾಲಿ ಬಂತಂದ್ರ ತಿಳ್ಕೋತೀನಿ."

ಹೀಗೆ ಅವ್ವನ ಇಡೀ ಮೊಕದ್ದಮೆ ನನ್ನ ತೊಡೆಯ ಮೇಲೆ ಕೂತು ಶಹಾಪುರಕ್ಕೆ ಬಂತು.

ಶಹಾಪುರದಲ್ಲಿ ಸುರಪುರದ ಬಸ್ಸಿಗೆ ಕಾಯಬೇಕಾಯಿತು. ಮಿರ್ಚಿ ಭಜಿ ತಿಂದು ಚಹಾ ಕುಡಿದೆ. ಊರಿನ ಬೆನ್ನಿಗಿರುವ ಗುಡ್ಡಸಾಲು ದೂರದಿಂದ ಬುದ್ಧ ಮಲಗಿದ ಹಾಗೆ ಕಾಣುತ್ತದೆ. ಹಣೆ, ಮೂಗು, ಎದೆ ಎಲ್ಲ ಇದೆ. ನೋಡಲು ಬಂದ ಕಲಬುರಗಿಯ ಒಂದು ಕುಟುಂಬ ಫೋಟೋ ತೆಗೆದುಕೊಳ್ಳುತ್ತಿತ್ತು. ಚಹಾದಂಗಡಿಯವನು ನನ್ನ ಡಬ್ಬಿ ನೋಡಿ, "ಬೀಗರ ಮನಿಗೇನ್ರಿ ಸರ?" ಎಂದ. "ಅಲ್ಲ, ಕೋರ್ಟಿಗೆ," ಎಂದೆ. ಅವನಿಗೆ ಅರ್ಥವಾಗಲಿಲ್ಲ, ಆದರೂ ತಲೆಯಾಡಿಸಿದ.

ಮುಂದಿನ ದಾರಿಯುದ್ದಕ್ಕೂ ಕಾಲುವೆ ನೀರಿನ ಗದ್ದೆಗಳು. ಭತ್ತ ಕೊಯ್ಲಿಗೆ ಬಂದಿತ್ತು. ಸುರಪುರ ಹತ್ತಿರವಾದಂತೆ ಗದ್ದೆ ಮುಗಿದು, ಒಂದರ ಮೇಲೊಂದು ಪೇರಿಸಿಟ್ಟ ಬಂಡೆಗಳ ಗುಡ್ಡ ಶುರುವಾಗುತ್ತದೆ. ಮಧ್ಯಾಹ್ನದ ಬಿಸಿಲಿಗೆ ಊರೇ ಕಾದ ಹಂಚಾಗಿತ್ತು. ರಂಗಂಪೇಟೆಗೆ ಆಟೋ ಹತ್ತಿದೆ. ಆಟೋದವನು ಮಾತಿನ ಮಲ್ಲ. ಒಂದು ಗುಡ್ಡದ ಕಡೆ ಕೈ ಮಾಡಿ, "ಹಿಂದಕ ಗೋರಾ ಸೈನ್ಯ ಬಂದು ಇಲ್ಲೇ ಕೂತಿತ್ತಂತ್ರಿ. ನಮ್ಮ ಮುತ್ಯಾ ಹೇಳ್ತಿದ್ದ, ದಂಡು ಹೋದ್ರೂ ದಂಡಿನ ಹೊಲಸು ಹೋಗಾಂಗಿಲ್ಲ ಅಂತ," ಎಂದ. ಈ ಊರಿನವರಿಗೆ ಅದು ನಿನ್ನೆ ಮೊನ್ನೆ ನಡೆದದ್ದರ ಹಾಗೆ. ಇಂಥ ಊರಿನ ಹುಡುಗ ಇನ್ನೊಬ್ಬರ ಊರಿಗೆ ದಂಡಾಗಿ ಹೋದನಲ್ಲ ಎಂದುಕೊಂಡೆ.

ಹಣಮಂತನ ಮನೆಯ ಬಾಗಿಲು ತೆರೆದೇ ಇತ್ತು. ಕಟ್ಟೆಯ ಮೇಲೆ ಕೂತಿದ್ದವನು ನನ್ನನ್ನು ನೋಡಿ ಎದ್ದು ನಿಂತ. ನಾನು ಅವನನ್ನು ಗುರುತಿಸಲು ಒಂದು ಕ್ಷಣ ಬೇಕಾಯಿತು. ಎತ್ತಿನಂತಿದ್ದ ಆಳು ಒಣಗಿದ್ದ. ನೌಕರಿಯನ್ನು ಅವಧಿಗೆ ಮೊದಲೇ ಬಿಟ್ಟಿದ್ದನಂತೆ.

"ಬಾ ಮರ್ಯಾ," ಎಂದ. ಹತ್ತು ವರ್ಷ ನಡುವೆ ಇರಲೇ ಇಲ್ಲವೇನೋ ಎಂಬಂತೆ.

ಒಳಗೆ ಕೂತೆ. ನಮ್ಮ ಕಡೆ ಬಂದವರ ಮುಂದೆ ಮೊದಲು ತಂಬಿಗೆ ಬರುತ್ತದೆ, ಆಮೇಲೆ ಮಾತು. ತಂಬಿಗೆ ಬರಲಿಲ್ಲ. ಅವನ ಹೆಂಡತಿ ರೇಣುಕಾ ನನ್ನನ್ನು ನೋಡಿ, ಸೆರಗು ಸರಿಮಾಡಿಕೊಂಡು, ಎದುರಿನ ಅಂಗಡಿಗೆ ಹೋಗಿ ಸೀಲ್ ಮಾಡಿದ ನೀರಿನ ಬಾಟಲಿ ತಂದು ನನ್ನ ಮುಂದಿಟ್ಟಳು.

ನನ್ನ ತಲೆ ಕೆಟ್ಟುಹೋಯಿತು. ನಾವು ಬಾಟಲಿಯ ಅರ್ಥ ತಿಳಿಯದವರೇ? ಹಿಂದೆ ನಮಗೆ ತೆಂಗಿನ ಚಿಪ್ಪು ಇಡುತ್ತಿದ್ದರು, ಆಮೇಲೆ ಚಹಾದಂಗಡಿಯ ಹೊರಗೆ ಬೇರೆ ಕಪ್ಪು ಇಟ್ಟರು, ಆಮೇಲೆ ಪ್ಲಾಸ್ಟಿಕ್ ಲೋಟ ಬಂತು. ಈಗ ಬಾಟಲಿ. ಇನ್ನೂ ಶುದ್ಧ. "ಮನ್ಯಾಗಿನ ತಂಬಿಗಿ ಮೈಲಿಗೆ ಆಗ್ತದೇನೋ?" ಎಂದು ಕೇಳಿಯೇಬಿಟ್ಟೆ. ಡಬ್ಬಿಯನ್ನು ಅವನ ಮುಂದೆ ಕುಕ್ಕಿದೆ. "ಅವ್ವ ಕಳಿಸ್ಯಾಳ. ಅದನ್ನೂ ತೊಳ್ದು ತಿನ್ನು."

ಮಾತಾಡಿದವಳು ರೇಣುಕಾ.

"ಅಣ್ಣಾರ, ಈ ಮನ್ಯಾಗ ಯಾರಿಗೂ ನೀರು ಕೊಡಾಂಗಿಲ್ರಿ. ನಮ್ಮ ತವರಿನೋರಿಗೂ ಇಲ್ಲ. ಮಗಳ್ನ ನೋಡಾಕ ಬಂದೋರಿಗೂ ಬಾಟ್ಲಿ ಇಟ್ಟೆ, ಅವರು ಸಿಟ್ಟಾಗಿ ಎದ್ದು ಹೋದ್ರು. ಇವ್ರು ತಾವೂ ಯಾರ ಮನ್ಯಾಗೂ ಕುಡಿಯಾಂಗಿಲ್ಲ. ತಾವೇ ಕುದಿಸ್ಕೋತಾರ, ಅದನ್ನೂ ಎರಡು ಗುಟುಕು. ಕಿಡ್ನಿ ಹಾಳಾಗ್ಯಾವ ಅಂತ ಡಾಕ್ಟರ್ ಬೈದ್ರೂ ಕೇಳಾಂಗಿಲ್ಲ. ಯಾಕ ಅಂತ ನನಗೂ ಹೇಳಿಲ್ಲ. ನೀವರ ಕೇಳ್ರಿ."

ಅಷ್ಟು ಹೇಳಿ ಒಳಗೆ ಹೋದಳು. ಹಣಮಂತ ಡಬ್ಬಿಯ ಮುಚ್ಚಳ ತೆಗೆದ. ಮೂಗಿನ ಹತ್ತಿರ ಹಿಡಿದ. ಮತ್ತೆ ಮುಚ್ಚಿದ.

"ಅಲ್ಲೂ ಒಬ್ಬಾಕಿ ಇದ್ದಳು," ಎಂದ.

ಅವನು ನಿಧಾನವಾಗಿ, ನಡುನಡುವೆ ನಿಲ್ಲಿಸುತ್ತ ಹೇಳಿದ್ದನ್ನು ಇಲ್ಲಿ ಕೂಡಿಸಿ ಬರೆಯುತ್ತಿದ್ದೇನೆ.

ಹೈಟಿಯಲ್ಲಿ ಅವನ ತುಕಡಿಗೆ ಗುಡ್ಡದ ಸೀಮೆಯ ಒಂದು ಸಣ್ಣ ಊರಿನ ಸೇತುವೆ ಬಳಿ ನಾಕಾಬಂದಿ ಕೆಲಸ. ಊರಿನವರಿಗೆ ಇವರನ್ನು ಕಂಡರೆ ಆಗುತ್ತಿರಲಿಲ್ಲ. ಗೋಡೆಗಳ ಮೇಲೆಲ್ಲ 'ದಂಡೇ ಹೋಗು' ಎಂದು ಬರೆದಿದ್ದರು. ನೀಲಿ ಟೊಪ್ಪಿಗೆಯ ಕೆಲವರು ಅಲ್ಲಿನ ಹುಡುಗಿಯರಿಗೆ ಮಕ್ಕಳು ಕೊಟ್ಟು ವಿಮಾನ ಹತ್ತಿದ್ದರು. ಅಂಥ ಮಕ್ಕಳು ನಾಕಾದ ಹತ್ತಿರವೇ ಆಡುತ್ತಿದ್ದವು. ಸೇತುವೆಯ ಪಕ್ಕ ಒಬ್ಬ ಮುದುಕಿ ಹುರಿದ ಶೇಂಗಾ ಮಾರುತ್ತಿದ್ದಳು. ಒಮ್ಮೆ ಇವನಿಗೆ ಎಲೆಯ ಮೇಲೆ ಏನೋ ಹಾಕಿ ಕೊಟ್ಟಳು. ಶೇಂಗಾ ಅರೆದು ಖಾರ ಹಾಕಿದ್ದು.

"ಖರೇ ಹೇಳ್ತೀನಿ ಮರ್ಯಾ, ಅವ್ವನ ಹಿಂಡಿನೇ. ನನಗ ಅಳು ಬಂತು. ಆಕಿ ನಕ್ಕಳು."

ಅಲ್ಲಿಂದ ಅವಳು ಇವನಿಗೆ ದಿನಾ ಕುಡಿಯಲು ಕೊಡತೊಡಗಿದಳು. ಬೆಟ್ಟದ ಮೇಲೆ ತಾನಾಗಿ ಉಕ್ಕುವ ಊಟೆಯಿಂದ ಹಳದಿ ಕ್ಯಾನಿನಲ್ಲಿ ಹೊತ್ತು ತರುತ್ತಿದ್ದ ನೀರು. ಜೊತೆಯವರು ಬೈದರು, ಊರಿನವರ ಕೈಯಿಂದ ಏನೂ ತೆಗೆದುಕೊಳ್ಳಬಾರದು ಎಂದು ಹುಕುಂ ಇತ್ತು. ಇವನು ಕುಡಿದ. "ನೀ ಹೇಳಿದ್ದಿ ನಿಮ್ಮಂಥೋರ ದೇಶ ಅಂತ. ನಿಮ್ಮ ಮನ್ಯಾಗ ಕುಡದಾಂವ ಅಲ್ಲಿ ಹ್ಯಾಂಗ ಬ್ಯಾಡ ಅನ್ಲಿ?"

ಒಂದು ದಿನ ಅವಳಿಗೆ ಮೈ ಹುಷಾರಿರಲಿಲ್ಲ. ಕ್ಯಾನನ್ನು ನಾಕಾದಲ್ಲೇ ಬಿಟ್ಟು ಬೇಗ ಮನೆಗೆ ಹೋದಳು. ಸಂಜೆಯ ಹೊತ್ತಿಗೆ ನೀರು ಮುಗಿದಿತ್ತು. ಕ್ಯಾನು ತಿರುಗಿ ಕೊಡಬೇಕು. ಖಾಲಿ ಕೊಡುವುದು ಹೇಗೆ? ತಮ್ಮ ಕ್ಯಾಂಪಿನ ನೀರಾಗಲಿ ಸಾಮಾನಾಗಲಿ ಹೊರಗೆ ಕೊಡುವ ಹಾಗಿಲ್ಲ. ಕೆಳಗೆ ಹೊಳೆ ಹರಿಯುತ್ತಿತ್ತು, ಊರಿನವರೆಲ್ಲ ಬಳಸುತ್ತಿದ್ದ ಹೊಳೆ. ಇಳಿದು ತುಂಬಿಸಿದ. ಅವಳ ಗುಡಿಸಲ ತನಕ ಹೆಗಲ ಮೇಲೆ ಹೊತ್ತು ಇಟ್ಟು ಬಂದ. ಅವಳು ಅವನ ಕೆನ್ನೆ ಸವರಿದಳು.

ಹೊಳೆಯ ಮೇಲಿನ ಕಡೆ ಬೇರೊಂದು ದೇಶದ ಪಡೆಯ ಕ್ಯಾಂಪಿತ್ತು. ಅದರ ಪಾಯಿಖಾನೆಯ ಹೊಲಸು ಹೊಳೆಗೆ ಸೇರಿತ್ತು. ಹೈಟಿ ಎಂದೂ ಕಾಣದ ಕಾಲರಾ ಆ ನೀರಿನಲ್ಲಿ ಇಳಿದು ಬಂತು. ಇದು ಯಾರಿಗೂ ಆಗ ಗೊತ್ತಿರಲಿಲ್ಲ. ಮುದುಕಿಗೆ ವಾಂತಿಭೇದಿ ಶುರುವಾಯಿತು. ಮರುದಿನ ಅವಳಿರಲಿಲ್ಲ. ಅವಳ ಮೊಮ್ಮಗಳೂ ಇರಲಿಲ್ಲ. ಆಮೇಲೆ ಊರಿಗೆ ಊರೇ ಮಲಗಿತು. ಹೊಲದಲ್ಲಿ ಹೆಣ, ರಸ್ತೆಯಲ್ಲಿ ಹೆಣ.

"ನಮ್ಮ ವಾಹನಕ್ಕ ಜನ ಕಲ್ಲು ಹೊಡದ್ರು. ಮ್ಯಾಲಿನೋರು ಅಂದ್ರು, ರೋಗ ನಮ್ಮಿಂದ ಬಂದಿಲ್ಲ, ಬಾಯಿ ಮುಚ್ಕೊಂಡಿರ್ರಿ. ವರ್ಷಾನುಗಟ್ಟಲೆ ಹಂಗೇ ಅಂದ್ರು. ನಮ್ಮ ಸಾಹೇಬ ನನ್ನ ಕರದು ಸಮಾಧಾನ ಮಾಡಿದ: ಅದು ನಮ್ಮ ಕ್ಯಾಂಪಲ್ಲ, ನೀ ಯಾಕ ಒದ್ದಾಡ್ತಿ?" ಹಣಮಂತ ನನ್ನನ್ನೇ ನೋಡಿದ. "ಆಕಿಗಿ ಕ್ಯಾಂಪ್ ಯಾರದಾದ್ರೇನು ಮರ್ಯಾ? ಟೊಪಗಿ ಒಂದೇ ಬಣ್ಣದ್ದು."

"ಆಕಿ ಹೊಳೀ ನೀರು ಹ್ಯಾಂಗೂ ಕುಡೀತಿದ್ದಳು. ಊರೆಲ್ಲ ಕುಡದದ," ಎಂದೆ. ಮೇಷ್ಟ್ರ ಬುದ್ಧಿ, ತರ್ಕ ಹುಡುಕುತ್ತದೆ.

"ಆಕಿ ಊಟಿ ನೀರೇ ಕುಡೀತಿದ್ದಳು. ನಾ ಕೊಟ್ಟಿದ್ದೇ ಹೊಳೀದು."

ಅಷ್ಟು ವರ್ಷ ಅವನ ಮೇಲೆ ಸಾಕಿಕೊಂಡ ಸಿಟ್ಟು ಎಲ್ಲಿ ಇಳಿಸಲಿ ಎಂದು ತಿಳಿಯದೆ ಕೂತೆ. ಅವನು ಮೊಬೈಲ್ ತೆಗೆದು ಒಂದು ವಿಡಿಯೋ ತೋರಿಸಿದ. ಆ ದೇಶದ ರಾಜಧಾನಿ. ದಂಡು ವಾಪಸು ಹೋದ ಮೇಲೆ ಬೀದಿಗಳು ಬಂದೂಕಿನ ಗುಂಪುಗಳ ಕೈಗೆ ಹೋಗಿವೆ. ಜನ ತಲೆಯ ಮೇಲೆ ಗಂಟು ಹೊತ್ತು ಓಡುತ್ತಿದ್ದರು. ಅವರಿಗೆ ಶಾಂತಿ ತರಲು ಈಗ ಮತ್ತೆ ಹೊರಗಿನ ಪಡೆ. ಇವನು ದಿನಾ ಇದನ್ನೇ ನೋಡುತ್ತಾನಂತೆ, ಯಾವುದಾದರೂ ವಿಡಿಯೋದಲ್ಲಿ ಆ ಸೇತುವೆ ಕಂಡೀತು ಎಂದು.

ಊಟಕ್ಕೆ ರೊಟ್ಟಿ, ಪುಂಡಿಪಲ್ಯ, ಅವ್ವನ ಹಿಂಡಿ. ಹಣಮಂತ ಹಿಂಡಿಯನ್ನು ರೊಟ್ಟಿಗೆ ಸವರಿ ಒಂದು ತುತ್ತು ತಿಂದ. ಉಳಿದದ್ದನ್ನು ರೇಣುಕಾ ಬೇರೆ ಪಾತ್ರೆಗೆ ಹಾಕಿಕೊಂಡಳು. ನಾನು ಬಾಟಲಿ ನೀರು ಕುಡಿದೆ. ಅವನು ಕುಡಿಯಲಿಲ್ಲ.

"ಅವ್ವನ ಮುಂದ ಬಂದು ನೀನೇ ಹೇಳು," ಎಂದೆ. "ಆಕಿ ಜೀವ ಅದರಾಗ ಅದ. ನೀ ಜಾತಿ ನೋಡಿ ಬಿಟ್ಟಿ ಅಂತ ತಿಳ್ಕೊಂಡಾಳ."

"ಏನಂತ ಹೇಳ್ಲಿ? ಯವ್ವ, ಏನೂ ಇಲ್ಲಂದ್ರ ನೀರರ ಹಾಕು ಅಂತ ಕಲಿಸಿದ್ದಿ, ಹಾಕ್ದೆ, ಒಬ್ಬಾಕಿ ಸತ್ಲು ಅಂತ ಹೇಳ್ಲಾ?" ಅವನ ಧ್ವನಿ ಏರಿತು. "ಇಷ್ಟು ವರ್ಷ ಯಾಕ ಬರ್ಲಿಲ್ಲ ಅಂತ ಮಾಡೀ? ಜಾತಿ ಮಾಡಾಂವ ಅಂತ ಬೈಸ್ಕೋತೀನಿ. ಆ ಮಾತ ಮಾತ್ರ ಅವ್ವಗ ಹೇಳಬ್ಯಾಡ. ಆಣಿ ಅದ ನಿಂಗ."

ನಾನು ಹೂಂ ಎಂದೆ. ಆದರೂ ಹೊರಡುವಾಗ ಕೇಳಿಕೊಂಡೆ: "ಹೋಗ್ಲಿ, ಡಬ್ಬ್ಯಾಗ ಒಂದು ಚಿಟಿಕಿ ಸಕ್ಕರಿ ಹಾಕು. ಅಷ್ಟು ಮಾಡು. ಆಕಿ ಅದನ್ನ ಕಾಯಾಕತ್ಯಾಳ."

ರೇಣುಕಾ ಸಕ್ಕರೆ ಡಬ್ಬವನ್ನೇ ತಂದಳು. ಅವ್ವನ ಡಬ್ಬಿಯನ್ನು ಅವಳು ಬೆಳಗಿ, ಒರೆಸಿ ಇಟ್ಟಿದ್ದಳು. ಹಣಮಂತ ಮುಷ್ಟಿ ತುಂಬ ಸಕ್ಕರೆ ತೆಗೆದುಕೊಂಡ. ಡಬ್ಬಿಯ ಬಾಯಿಗೆ ತಂದ. ಮುಷ್ಟಿ ಪಕ್ಕಕ್ಕೆ ಸರಿದು ಸಕ್ಕರೆಯೆಲ್ಲ ನೆಲಕ್ಕೆ ಸುರಿಯಿತು. ಎರಡನೇ ಸಲವೂ ಅಷ್ಟೇ. ರೇಣುಕಾ ತಾನೇ ಹಾಕಲು ಹೋದಳು. ಅವನು ಅವಳ ಕೈ ಹಿಡಿದು ತಡೆದ. ಮುಚ್ಚಳ ಹಾಕಿ, ಡಬ್ಬಿಯನ್ನು ನನ್ನ ಕೈಗಿಟ್ಟ.

"ಆಗಾಂಗಿಲ್ಲ ಮರ್ಯಾ."

ಬಸ್‌ಸ್ಟ್ಯಾಂಡ್ ತನಕ ಅವನು ಬರಲಿಲ್ಲ. ಆಟೋ ತಿರುಗುವಾಗ ನೋಡಿದೆ. ಗಂಡ ಕಟ್ಟೆಯ ಮೇಲೆ ಕೂತಿದ್ದ, ಹೆಂಡತಿ ನೆಲದ ಸಕ್ಕರೆ ಗುಡಿಸುತ್ತಿದ್ದಳು.

ಶಹಾಪುರದಲ್ಲಿ ಬಸ್ಸು ಬದಲಿಸಬೇಕಿತ್ತು. ಕಿರಾಣಿ ಅಂಗಡಿಯ ಮುಂದೆ ನಿಂತು ಕಾಲು ಕೇಜಿ ಸಕ್ಕರೆ ತೂಗಿಸಿದೆ. ಎಷ್ಟು ಸುಲಭ! ಡಬ್ಬಿಗೆ ಸುರಿದರೆ ಮುಗಿಯಿತು. ಅವ್ವ ನೆಮ್ಮದಿಯಾಗಿ ಕಣ್ಣು ಮುಚ್ಚುತ್ತಾಳೆ. ಅಂಗಡಿಯವನು ಪೊಟ್ಟಣ ಚಾಚಿದ. ಡಬ್ಬಿಯ ಮುಚ್ಚಳಕ್ಕೆ ಕೈ ಹಾಕಿದಾಗ ಅವನ ಮುಷ್ಟಿಯಿಂದ ನೆಲಕ್ಕೆ ಸುರಿದ ಸಕ್ಕರೆ ಕಣ್ಣ ಮುಂದೆ ಬಂತು. ಅವನು ಕೊಡಲಾರದೆ ಹೋದದ್ದನ್ನು ನಾನು ಅಂಗಡಿಯಲ್ಲಿ ಕೊಂಡು ತುಂಬುವುದು ನನ್ನಿಂದ ಆಗಲಿಲ್ಲ. ಪೊಟ್ಟಣವನ್ನು ಚೀಲದ ತಳಕ್ಕೆ ಹಾಕಿದೆ.

ದೋರನಹಳ್ಳಿಯಲ್ಲಿ ಇಳಿದಾಗ ಹೊತ್ತು ಮುಳುಗುತ್ತಿತ್ತು. ಅವ್ವ ಬಾಗಿಲಲ್ಲೇ ಕೂತಿದ್ದಳು. ಏನೂ ಕೇಳದೆ ಕೈ ಚಾಚಿದಳು. ಡಬ್ಬಿ ಇಸಿದುಕೊಂಡು ಕಿವಿಯ ಹತ್ತಿರ ಅಲುಗಾಡಿಸಿದಳು. ಮುಚ್ಚಳ ತೆಗೆದು, ಕಣ್ಣು ಕಾಣದಿದ್ದರೂ ಒಳಗೆ ನೋಡಿದಳು. ಬೆರಳು ಹಾಕಿ ತಳ ಸವರಿದಳು.

ನಾನು ಪಕ್ಕದಲ್ಲಿ ಕೂತು ಎಲ್ಲ ಹೇಳಿದೆ. ಹೊಳೆ, ಕ್ಯಾಂಪು, ಕಾಲರಾ, ಶೇಂಗಾ ಮಾರುವ ಮುದುಕಿ, ಡಬ್ಬಿಗೆ ಬೀಳದೆ ನೆಲಕ್ಕೆ ಹೋದ ಸಕ್ಕರೆ. ಒಂದು ಮಾತು ಬಿಟ್ಟೆ. ಅವನು ಕ್ಯಾನಿಗೆ ನೀರು ಯಾಕೆ ತುಂಬಿದ ಎಂಬುದನ್ನು ಬಿಟ್ಟು ಹೇಳಿದೆ. ಅದನ್ನು ಬಿಟ್ಟರೆ ಕಥೆಗೆ ಬೆನ್ನೆಲುಬೇ ಇಲ್ಲ ಎಂದು ಹೇಳುತ್ತ ಹೇಳುತ್ತಲೇ ನನಗೆ ತಿಳಿಯಿತು.

ಅವ್ವ ಕೊನೆಯ ತನಕ ಕೇಳಿದಳು. ಆಮೇಲೆ ಡಬ್ಬಿಗೆ ಮುಚ್ಚಳ ಹಾಕಿದಳು.

"ನನ್ನ ಕೈಯಾಗಿನ ನೀರು ಒಲ್ಲೆ ಅನ್ನಾಕ ಮಂದಿ ಏನೇನು ಹೇಳ್ಯಾರ ಗೊತ್ತೇನು? ಉಪಾಸ ಅದೀನಿ ಅಂದಾರ. ಈಗರ ಕುಡದು ಬಂದೆ ಅಂದಾರ. ಹೊಟ್ಟಿ ಸರಿ ಇಲ್ಲ ಅಂದಾರ. ಸಣ್ಣಾಕಿ ಇದ್ದಾಗಿಂದ ಕೇಳೀನಿ." ಡಬ್ಬಿಯನ್ನು ಪಕ್ಕಕ್ಕೆ ಸರಿಸಿದಳು. "ಇದು ಹೊಸಾದು. ಸಮುದ್ರದಾಚಿಂದ ತಂದಾನ."

"ಖರೇ ಅವ್ವ, ಸುಳ್ಳಲ್ಲ—"

"ಯಾರೋ ಮುದುಕಿಗಿ ಅವ ಯಾಕ ನೀರು ಹೊತ್ತು ಹಾಕ್ತಾನ? ಆಕಿ ಅವಗ ಏನಾಗಬೇಕು? ಹೇಳು."

ಉತ್ತರ ನನ್ನ ನಾಲಗೆಯ ತುದಿಯಲ್ಲೇ ಇತ್ತು. ಒಂದೇ ಒಂದು ಮಾತು. ಅದನ್ನು ಹೇಳಿದ್ದರೆ ಆ ಕ್ಷಣವೇ ನಂಬುತ್ತಿದ್ದಳು, ಅವಳ ಹಣಮ್ಯಾ ಅವಳಿಗೆ ತಿರುಗಿ ಸಿಗುತ್ತಿದ್ದ. ಆಮೇಲೆ ಅವಳೂ ನೀರು ಕುಡಿಯುತ್ತಿರಲಿಲ್ಲ.

"ಗೊತ್ತಿಲ್ಲ," ಎಂದೆ.

ಅವ್ವ ಗೋಡೆ ಹಿಡಿದು ಎದ್ದಳು. ಒಳಗೆ ಹೋಗಿ ತಂಬಿಗೆ ತುಂಬ ನೀರು ತಂದು ನನ್ನ ಮುಂದೆ ಹಿಡಿದಳು. "ಬಿಸಲಾಗ ತಿರುಗಿ ಬಂದೀ, ಕುಡಿ."

ನಾನು ಒಂದು ಹನಿಯೂ ಬಿಡದೆ ಕುಡಿದೆ. ಅವಳು ಎದುರು ನಿಂತು ನಾನು ಕುಡಿಯುವ ಸದ್ದನ್ನೇ ಕೇಳುತ್ತಿದ್ದಳು.